ಚಿತ್ತವಾಡ್ಗಿಯಿಂದ ದುಬೈಗೆ

ಹೊನ್ನೂರುಸ್ವಾಮಿಯ ರಜೆಯ ಮೊದಲನೆಯ ದಿನ. ಬಲಮಗ್ಗುಲಿನಿಂದ ಎಡಮಗ್ಗುಲಿಗೆ ಹೊರಳುವುದೋ, ಇದ್ದ ಮಗ್ಗುಲಲ್ಲೇ ಇನ್ನೊಂದು ಗಳಿಗೆ ಇರುವುದೋ ಎಂಬ ಗಹನವಾದ ಪ್ರಶ್ನೆಯಲ್ಲಿ ಅವನು ಮುಳುಗಿದ್ದಾಗ ಅಡುಗೆಮನೆಯಲ್ಲಿ ಹೆಂಡತಿ ಸುಮಲತಾಳ ಫೋನು ಬಡಿದುಕೊಂಡಿತು. ಆ ಕಡೆಯ ದನಿ ಸ್ಪೀಕರ್ ಹಾಕದಿದ್ದರೂ ಪಡಸಾಲೆಯವರೆಗೆ ಕೇಳಿಸಿತು. ಇಳಕಲ್ಲಿನಿಂದ ಸುಮಲತಾಳ ಅಕ್ಕ ರೇಣುಕಮ್ಮ.

"ಸುಮಾ, ನಾವು ಹೊಂಟೀವಿ ನೋಡು. ಮಧ್ಯಾಹ್ನ ಊಟದ ಹೊತ್ತಿಗೆ ನಿಮ್ಮನಿ ಮುಂದ ಇರ್ತೀವಿ. ಈ ಸಲ ದೊಡ್ಡ ಗಾಡಿ ಮಾಡ್ಕೊಂಡು ಬರಾಕತ್ತೀವಿ. ಉಳಿದದ್ದು ಬಂದು ಹೇಳ್ತೀನಿ, ನಿಮ್ಮ ಮಾಮಾ ಈಗ ಹೇಳಬ್ಯಾಡ ಅಂದಾರ!"

ಫೋನು ಕಟ್ಟಾಯಿತು. ಹೊನ್ನೂರುಸ್ವಾಮಿ ಚಾಪೆಯ ಮೇಲೆ ಎದ್ದು ಕುಳಿತ.

"ದೊಡ್ಡ ಗಾಡಿ ಅಂದ್ರ ಎಷ್ಟು ದೊಡ್ಡದು?" ಎಂದು ಕೇಳಿದ.

"ನನಗೇನ್ ಗೊತ್ತು? ಹೋದ ವರ್ಷ ಬಂದಿದ್ದು ಸಣ್ಣ ಗಾಡಿ ಅಂತ ಈಗ ತಿಳೀತು," ಎಂದಳು ಸುಮಲತಾ.

ಹೋದ ವರ್ಷದ ಆ ಸಣ್ಣ ಗಾಡಿಯಿಂದ ಇಳಿದವರನ್ನು ಮಲಗಿಸಲು ಪಕ್ಕದ ಮನೆಯ ಜಮಖಾನೆ, ಎದುರು ಮನೆಯ ದಿಂಬು, ಕೊನೆಗೆ ಮಾಳಿಗೆಯ ಮೇಲೆ ಹಾಸಲು ಅಂಗಡಿಯ ತಾಡಪತ್ರಿ ಕೂಡ ಬೇಕಾಗಿದ್ದವು. ಹೊಸಪೇಟೆಯ ಚಿತ್ತವಾಡ್ಗಿಯಲ್ಲಿ ಮನೆ ಮಾಡಿದವನಿಗೆ ಹಂಪಿ ಹತ್ತಿರ ಎಂಬುದು ಒಂದು ಸುಖವಾದರೆ, ಹಂಪಿಗೆ ಅವನ ಮನೆ ಹತ್ತಿರ ಎಂಬುದು ನೆಂಟರ ಸುಖ. ಮದುವೆಯಾದ ಹೊಸದರಲ್ಲಿ ರೇಣುಕಮ್ಮನ ಗಂಡ, ಅವನ ಷಡ್ಡಕ ಗವಿಸಿದ್ದಪ್ಪ ಹೆಂಡತಿ ಮಕ್ಕಳನ್ನು ಕರೆದುಕೊಂಡು ಬಂದಿದ್ದ. ಮರುವರ್ಷ ಅವನ ಬೀಗರು ಬಂದರು. ಅದರ ಮರುವರ್ಷ ಬೀಗರ ಬೀಗರು. ಹೋದ ದಸರೆಗೆ ಬಂದವರಲ್ಲಿ ಇಬ್ಬರು ಯಾರೆಂಬುದು ಗವಿಸಿದ್ದಪ್ಪನಿಗೂ ಗೊತ್ತಿರಲಿಲ್ಲ. ಅವರು ಕುಷ್ಟಗಿಯಲ್ಲಿ ಚಹಾಕ್ಕೆ ನಿಲ್ಲಿಸಿದಾಗ ಗಾಡಿ ಹತ್ತಿದವರು, ಊಟ ಮಾತ್ರ ಚೆನ್ನಾಗಿ ಮಾಡಿದರು.

ಹೊನ್ನೂರುಸ್ವಾಮಿ ಗಾದಿಗನೂರಿನ ಆಚೆ ಒಂದು ಕಾರ್ಖಾನೆಯಲ್ಲಿ ಎಲೆಕ್ಟ್ರಿಷಿಯನ್. ವರ್ಷವೆಲ್ಲ ಅಲ್ಲಿ ಕರೆಂಟಿನ ಜೊತೆ ಗುದ್ದಾಡಿ, ಸಿಕ್ಕ ರಜೆಯನ್ನೆಲ್ಲ ಹಂಪಿಯಲ್ಲಿ ಕಳೆಯುತ್ತಿದ್ದ. ವಿರೂಪಾಕ್ಷನ ಗುಡಿಯಲ್ಲಿ ತಲೆಕೆಳಗಾಗಿ ಬೀಳುವ ಗೋಪುರದ ನೆರಳಿನಿಂದ ಶುರುಮಾಡಿ, ಸಾಸಿವೆಕಾಳು ಗಣಪ, ಕಡಲೆಕಾಳು ಗಣಪ, ಉಗ್ರನರಸಿಂಹ, ಕಲ್ಲಿನ ರಥ, ಆನೆ ಲಾಯ ಎಲ್ಲ ತೋರಿಸಿ, ಸಂಜೆ ಡ್ಯಾಮಿನ ಕಾರಂಜಿಗೆ ತಂದು ನಿಲ್ಲಿಸುವಷ್ಟರಲ್ಲಿ ಅವನ ಗಂಟಲು ಒಣಗಿದ ಕಾಲುವೆಯಂತಾಗಿರುತ್ತಿತ್ತು. ಅದನ್ನೇ ಎಷ್ಟು ವರ್ಷ ಹೇಳಿದ್ದನೆಂದರೆ, ಒಮ್ಮೆ ನಿದ್ದೆಯಲ್ಲಿ, "ಎಲ್ಲಾರೂ ತಲಿ ತಗ್ಗಿಸ್ರಿ, ಬಾಗಿಲು ಸಣ್ಣದೈತಿ," ಎಂದು ಕೂಗಿ ಸುಮಲತಾಳನ್ನು ಎಬ್ಬಿಸಿದ್ದ.

ರಜೆ ಎಂದರೆ ಅವನ ಪಾಲಿಗೆ ಒಂದೇ ಒಂದು ಚಿತ್ರ: ಸ್ವಂತ ಮನೆ, ಸ್ವಂತ ಚಾಪೆ, ಸ್ವಂತ ಫ್ಯಾನು, ಯಾರೂ ಮಾತಾಡಿಸಬಾರದು. ಸುಮಲತಾಳ ಚಿತ್ರ ಬೇರೆ. ರಾತ್ರಿ ಪಾತ್ರೆ ತೊಳೆದ ಮೇಲೆ ಫೋನಿನಲ್ಲಿ ಅವಳು ನೋಡುವುದೆಲ್ಲ ದುಬೈ. ಮುಗಿಲಿಗೆ ತಾಗುವ ಕಟ್ಟಡ, ಮರಳಿನಲ್ಲಿ ಹಾರುವ ಜೀಪು, ಒಂಟೆಯ ಪಕ್ಕ ಕನ್ನಡಕ ಹಾಕಿಕೊಂಡು ನಿಂತ ಹೆಂಗಸರು. ಈ ರಜೆಗೆ ಊರಲ್ಲಿರುವುದೋ ಹೊರದೇಶಕ್ಕೆ ಹೋಗುವುದೋ ಎಂದು ಗಂಡಹೆಂಡತಿ ವಾರದಿಂದ ವಾದ ಮಾಡಿದ್ದರು. ರೇಣುಕಮ್ಮನ ಒಂದು ಫೋನಿನಿಂದ ಆ ವಾದ ಮುಗಿದೇ ಹೋಯಿತು.

"ಮನ್ಯಾಗ ಇರೋದಂತೂ ಆಗಂಗಿಲ್ಲ," ಎಂದ ಹೊನ್ನೂರುಸ್ವಾಮಿ. "ಓಡಿ ಹೋಗೂನು."

"ಎಲ್ಲಿಗೆ?"

"ಸಂಡೂರಿಗೆ. ಗುಡ್ಡದಾಗ ನಮ್ಮ ಫ್ಯಾಕ್ಟರಿ ಗೆಳೆಯನ ಅಣ್ಣ ಮೂಕಣ್ಣ ಅಂತ ಹೋಮ್‌ಸ್ಟೇ ಮಾಡ್ಯಾನ. ಮಳಿ ಈಗ ನಿಂತೈತಿ, ಗುಡ್ಡ ಹಸಿರಾಗ್ಯಾವ. ಅಲ್ಲಿ ಯಾರೂ ಹಂಪಿ ಕೇಳಂಗಿಲ್ಲ."

"ಅಕ್ಕಗ ಏನ್ ಹೇಳೋದ್ರೀ?"

"ಏನೂ ಹೇಳೋದಿಲ್ಲ. ಫೋನು ಎರಡೂ ಸ್ವಿಚ್ ಆಫ್. ಬೀಗ ನೋಡಿ ತಿರುಗಿ ಹೋಗ್ತಾರ."

ಸುಮಲತಾ ಒಂದು ಗಳಿಗೆ ಅಕ್ಕನನ್ನು ನೆನೆದು ಕಣ್ಣು ಒದ್ದೆ ಮಾಡಿಕೊಂಡಳು. ಆಮೇಲೆ ದೊಡ್ಡ ಗಾಡಿಗೆ ಬೇಕಾಗುವ ರೊಟ್ಟಿಯನ್ನು ನೆನೆದು ಬ್ಯಾಗು ತುಂಬತೊಡಗಿದಳು.

ಬೀಗ ಹಾಕಿ, ಕಳ್ಳರ ಹಾಗೆ ಚಪ್ಪಲಿ ಕೈಯಲ್ಲಿ ಹಿಡಿದು ಓಣಿಗೆ ಕಾಲಿಟ್ಟರೋ ಇಲ್ಲವೋ, ಎದುರು ಕಟ್ಟೆಯಿಂದ ದನಿ ಬಂತು.

"ಏನಪಾ ಹೊನ್ನೂರಾ, ಚಪ್ಲಿ ಕೈಯಾಗ ಯಾಕ? ಕಾಲು ನೋಯ್ತಾವೇನು?"

ಪಾಲಯ್ಯ. ನೀರಾವರಿ ಇಲಾಖೆಯಿಂದ ನಿವೃತ್ತನಾದ ದಿನದಿಂದ ಅವನು ಆ ಕಟ್ಟೆಯ ಮೇಲೆ ಡ್ಯೂಟಿಗೆ ಹಾಜರಾಗುತ್ತಿದ್ದ. ಓಣಿಗೆ ಬಂದ ನೆಂಟರಿಗೆಲ್ಲ ಚಹಾ ಕುಡಿಸಿ ಹೊಟ್ಟೆಯೊಳಗಿನ ಸುದ್ದಿ ಹೊರಗೆ ತೆಗೆಯುವುದು ಅವನ ಕಸುಬು. ಗವಿಸಿದ್ದಪ್ಪನಿಗೂ ಅವನಿಗೂ ಒಂದೇ ತಟ್ಟೆಯಲ್ಲಿ ಮಿರ್ಚಿ ತಿನ್ನುವಷ್ಟು ಗೆಳೆತನ. ಸಂಡೂರು ಎಂದು ಇವನ ಕಿವಿಗೆ ಬಿದ್ದರೆ ಸಂಜೆಯೊಳಗೆ ದೊಡ್ಡ ಗಾಡಿ ಸಂಡೂರಿಗೇ ಬರುತ್ತದೆ.

"ಎಲ್ಲಿಗೆ ಹೊಂಟೀರಿ?" ಎಂದ ಪಾಲಯ್ಯ.

"ಧರ್ಮಸ್ಥಳಕ್ಕ," ಎಂದ ಹೊನ್ನೂರುಸ್ವಾಮಿ.

"ದುಬೈಗೆ," ಎಂದಳು ಸುಮಲತಾ, ಅದೇ ಉಸಿರಿಗೆ.

ಪಾಲಯ್ಯ ಇಬ್ಬರ ಮುಖವನ್ನೂ ನೋಡಿದ. "ಧರ್ಮಸ್ಥಳಕ್ಕ ಹೋಗಿ ಅಲ್ಲಿಂದ ದುಬೈಗೆ ಹೋಗ್ತೀರೇನು?"

"ಹೂಂ ಮಾವ," ಎಂದ ಹೊನ್ನೂರುಸ್ವಾಮಿ. "ಮೊದಲು ದೇವರು, ಆಮ್ಯಾಲೆ ದುಬೈ."

"ಲೇ ದುರುಗೀ!" ಎಂದು ಪಾಲಯ್ಯ ಮನೆಯ ಕಡೆ ತಿರುಗಿ ಕೂಗಿದ. "ಹೊರಗ ಬಾ, ನಮ್ಮ ಹೊನ್ನೂರ ವಿಮಾನ ಹತ್ತಾಕ ಹೊಂಟಾನ!"

ಆಮೇಲೆ ನಡೆದದ್ದು ಡ್ಯಾಮಿನ ಗೇಟು ಎತ್ತಿದಂತೆ. ಪಾಲಯ್ಯನ ಹೆಂಡತಿ ದುರುಗವ್ವ ಹಿಟ್ಟಿನ ಕೈಯಲ್ಲೇ ಓಡಿ ಬಂದಳು. ಅವಳ ಹಿಂದೆ ಓಣಿಯ ಹೆಂಗಸರೆಲ್ಲ ಬಂದರು. ಒಬ್ಬಳು ಅರಿಶಿನ ಕುಂಕುಮ ತಂದಳು. ಇನ್ನೊಬ್ಬಳು ದುಬೈಯಲ್ಲಿ ಬಂಗಾರ ಒಳ್ಳೆಯದಂತೆ, ತನಗೊಂದು ಜೊತೆ ಓಲೆ ತಂದುಕೊಡು ಎಂದು ಕಿವಿಯಲ್ಲಿದ್ದ ಹಳೆಯ ಓಲೆ ಬಿಚ್ಚಿ ಅಳತೆ ತೋರಿಸಿದಳು. ದುರುಗವ್ವ ಒಳಗೆ ಹೋಗಿ ಒಂದು ದೊಡ್ಡ ಡಬ್ಬಿ ಗುರೆಳ್ಳು ಚಟ್ನಿಪುಡಿ ತಂದು ಹೊನ್ನೂರುಸ್ವಾಮಿಯ ಕೈಗಿಟ್ಟಳು.

"ಕಂಪ್ಲ್ಯಾಗಿರೋ ನಮ್ಮ ಅಕ್ಕನ ಮಗ ದುಬೈದಾಗ ಅದಾನ. ಅಲ್ಲೇನ್ ತಿಂತಾನೋ ಕೂಸು. ಇದನ್ನ ಮುಟ್ಟಿಸಿ ಬಿಡಪಾ."

"ಅತ್ತಿ, ದುಬೈ ಭಾಳ ದೊಡ್ಡ ಊರಂತ. ಹೆಂಗ ಹುಡುಕಲಿ?"

"ಕಂಪ್ಲಿ ಹುಡುಗ ಅಂತ ಕೇಳು, ಯಾರಾರ ಹೇಳ್ತಾರ," ಎಂದಳು ದುರುಗವ್ವ ಧೈರ್ಯವಾಗಿ.

ಅಷ್ಟರಲ್ಲಿ ಪಾಲಯ್ಯ ಆಟೋದ ಪಕೀರಪ್ಪನನ್ನು ಕರೆಸಿದ್ದ. ಹೊನ್ನೂರುಸ್ವಾಮಿ, "ಬಸ್‌ಸ್ಟ್ಯಾಂಡಿಗೆ ಬಿಡು ಸಾಕು," ಎಂದು ಪಿಸುಗುಟ್ಟಿದ.

"ಬಸ್‌ಸ್ಟ್ಯಾಂಡಿಗಾ? ಅಣ್ಣಾ, ದುಬೈಗೆ ಹೋಗೋರು ಕೆಂಪು ಬಸ್ಸಿನ್ಯಾಗ ಹೋಗ್ತಾರೇನು?" ಎಂದು ಪಕೀರಪ್ಪ ಮರ್ಯಾದೆಗೆ ಕುಂದು ಬಂದವನಂತೆ ಆಟೋ ತಿರುಗಿಸಿದ. "ಬೆಂಗಳೂರು ಗಾಡಿ ಇನ್ ಸ್ವಲ್ಪ ಹೊತ್ತಿಗೆ ಬರ್ತೈತಿ. ಸೀದಾ ರೈಲ್ವೆ ಸ್ಟೇಷನ್! ಧರ್ಮಸ್ಥಳ ಬರೋ ಮುಂದ ಮಾಡ್ರಿ."

ಪಾಲಯ್ಯ ಡ್ರೈವರಿನ ಪಕ್ಕ ಏರಿ ಕುಳಿತ. ಬೀಳ್ಕೊಡಲು ಯಾರಾದರೂ ಒಬ್ಬ ಹಿರಿಯ ಬೇಕಲ್ಲ ಎಂಬುದು ಅವನ ನ್ಯಾಯ. ದಾರಿಯುದ್ದಕ್ಕೂ ಹೊರಗೆ ತಲೆ ಹಾಕಿ ಕಂಡಕಂಡವರಿಗೆ, "ನಮ್ಮ ಓಣಿ ಹುಡುಗ, ದುಬೈಗೆ!" ಎಂದು ಕೂಗಿದ. ಒಳಗೆ ಗಂಡಹೆಂಡತಿ ಅದಿರು ಲಾರಿಯ ಹಿಂದೆ ಸಿಕ್ಕಿಕೊಂಡ ಸೈಕಲ್ ಸವಾರರಂತೆ ಮುಖ ಮುಚ್ಚಿಕೊಂಡು ಕುಳಿತಿದ್ದರು.

"ದುಬೈ ಅಂತ ಯಾಕ ಅಂದಿ?" ಎಂದು ಹೊನ್ನೂರುಸ್ವಾಮಿ ಹಲ್ಲು ಕಚ್ಚಿ ಕೇಳಿದ.

"ಬಾಯಾಗಿತ್ತು, ಬಂತು," ಎಂದಳು ಸುಮಲತಾ. "ನೀವರ ಧರ್ಮಸ್ಥಳ ಅಂತ ಯಾಕ ಅಂದ್ರಿ? ಅದೇನ್ ದೊಡ್ಡ ಸುಳ್ಳೇನ್ರೀ? ಅಲ್ಲಿಗಾದ್ರ ಅವರೂ ಬೆನ್ನು ಹತ್ತಿ ಬರ್ತಿದ್ರು. ದುಬೈಗೆ ಹೆಂಗ ಬರ್ತಾರ?"

ಅದರಲ್ಲಿ ನ್ಯಾಯವಿತ್ತು.

ಸ್ಟೇಷನ್ನಿನಲ್ಲಿ ತಪ್ಪಿಸಿಕೊಂಡು ಹಿಂದಿನ ಬಾಗಿಲಿನಿಂದ ಬಸ್‌ಸ್ಟ್ಯಾಂಡಿಗೆ ಓಡೋಣವೆಂದರೆ ಪಾಲಯ್ಯ ಬಿಡಬೇಕಲ್ಲ. ತಾನೇ ಸಾಲಿನಲ್ಲಿ ನಿಂತು ಟಿಕೆಟು ತೆಗೆಸಿದ. ತಾನೇ ಬ್ಯಾಗು ಹೊತ್ತ. ಗಾಡಿ ಬಂದಾಗ ಜನರಲ್ ಡಬ್ಬಿಯ ಕಿಟಕಿಯಲ್ಲಿ ತಾನೇ ಟವೆಲು ಹಾಕಿ ಸೀಟು ಹಿಡಿದ. ಆಮೇಲೆ ಕಿಟಕಿಯ ಸರಳು ಹಿಡಿದು ನಿಂತು ಬುದ್ಧಿಮಾತು ಹೇಳಿದ. "ವಿಮಾನದಾಗ ಕಿಟಕಿ ತೆಗೀಬ್ಯಾಡ್ರಿ. ಅಲ್ಲಿ ಪೊಲೀಸರು ಭಾಳ ಸ್ಟ್ರಿಕ್ಟು, ಎಲಿ ಅಡಿಕಿ ಹಾಕ್ಕೊಂಡು ಉಗುಳಬ್ಯಾಡ. ಹೆಂಡ್ತಿ ಕೈ ಬಿಡಬ್ಯಾಡ." ಹೇಳುತ್ತ ಹೇಳುತ್ತ ಅವನ ಕಣ್ಣಲ್ಲಿ ನೀರು ಬಂತು. ಗಾಡಿ ಹೊರಟಾಗ ಪ್ಲಾಟ್‌ಫಾರ್ಮಿನ ತುದಿಯವರೆಗೂ ಜೊತೆಯಲ್ಲೇ ನಡೆದು ಬಂದ. ಅಷ್ಟು ಪ್ರೀತಿ ನೋಡಿ ಹೊನ್ನೂರುಸ್ವಾಮಿಗೆ ನಿಜ ಹೇಳಿಬಿಡೋಣ ಎನಿಸಿತು. ಅವನು ಬಾಯಿ ತೆರೆಯುವಷ್ಟರಲ್ಲಿ ಗಾಡಿ ವೇಗ ಹಿಡಿಯಿತು.

ತೋರಣಗಲ್ಲಿನಲ್ಲಿ ಇಳಿದು, ಸಂಡೂರಿನ ಬಸ್ಸಿಗಾಗಿ ಬಿಸಿಲಲ್ಲಿ ನಿಂತು, ಬಂದ ಬಸ್ಸಿನಲ್ಲಿ ಸೀಟು ಸಿಗದೆ, ಒಂದು ಕೈಯಲ್ಲಿ ಕಂಬಿ ಇನ್ನೊಂದು ಕೈಯಲ್ಲಿ ಚಟ್ನಿಪುಡಿಯ ಡಬ್ಬಿ ಹಿಡಿದು ಅವರು ಸಂಡೂರು ಮುಟ್ಟಿದಾಗ ಮಧ್ಯಾಹ್ನ ಇಳಿದಿತ್ತು. ಹೊನ್ನೂರುಸ್ವಾಮಿಯ ಬಿಳಿ ಅಂಗಿ ದಾರಿಯ ಅದಿರು ಧೂಳಿನಿಂದ ಕಾವಿಯಾಗಿತ್ತು. ಅವನನ್ನು ನೋಡಿದ ಮೂಕಣ್ಣ, "ಬರ್ರಿ ಸ್ವಾಮ್ಯಾರ," ಎಂದು ಕೈ ಮುಗಿದ. ಆಮೇಲೆ ಗುರುತು ಹಿಡಿದು ನಕ್ಕ.

ಆದರೆ ಜಾಗ ಮಾತ್ರ ಹೇಳಿದ ಹಾಗೆಯೇ ಇತ್ತು. ಗುಡ್ಡದ ಬುಡದಲ್ಲಿ ಹೆಂಚಿನ ಮನೆ, ಮುಂದೆ ಜಗಲಿ, ಜಗಲಿಯ ಮೇಲೆ ಹಗ್ಗದ ಮಂಚ. ಸುತ್ತಲೂ ಹಸಿರು ಗುಡ್ಡಗಳು ಬಾಯಿಗೆ ಬೆರಳಿಟ್ಟುಕೊಂಡಂತೆ ಸುಮ್ಮನೆ ನಿಂತಿದ್ದವು. ಮೂಕಣ್ಣ ಹೆಸರಿಗೆ ತಕ್ಕ ಮನುಷ್ಯ. ಬಿಸಿ ರೊಟ್ಟಿ, ಬದನೆಕಾಯಿ ಪಲ್ಯ ಇಟ್ಟು, ಏನೂ ಕೇಳದೆ ಹಿಂದಕ್ಕೆ ಹೋದ. ಸುಮಲತಾ ಹೊಸ ಸೀರೆ ಉಟ್ಟು, ಕಪ್ಪು ಕನ್ನಡಕ ಹಾಕಿಕೊಂಡು, ಅಂಗಳದಲ್ಲಿ ಕಟ್ಟಿದ್ದ ಎಮ್ಮೆಯ ಪಕ್ಕ ನಿಂತು ಫೋಟೋ ತೆಗೆಯಿರಿ ಎಂದಳು. ಫೋನು ಆನ್ ಮಾಡುವಂತಿಲ್ಲ ಎಂದು ನೆನಪಾಗಿ, ಇರಲಿ ಎಂದು ಹಾಗೆಯೇ ಸ್ವಲ್ಪ ಹೊತ್ತು ನಿಂತಳು.

ಹೊನ್ನೂರುಸ್ವಾಮಿ ಮಂಚದ ಮೇಲೆ ಬಲಮಗ್ಗುಲಾದ. ಯಾರೂ ಏನೂ ಕೇಳಲಿಲ್ಲ. ಎಡಮಗ್ಗುಲಾದ. ಆಗಲೂ ಕೇಳಲಿಲ್ಲ. ಇಷ್ಟು ವರ್ಷದಲ್ಲಿ ಅವನ ರಜೆ ಎಂಬುದು ಮೊದಲ ಸಲ ಅವನ ಮೈಮೇಲೆ ಬಂದು ಕೂತಿತ್ತು.

ಆದರೆ ಸುಖ ಸಿಕ್ಕ ಮನುಷ್ಯನಿಗೆ ಕನಿಕರ ಹುಟ್ಟುತ್ತದೆ. ಹೊತ್ತು ಗುಡ್ಡದ ಹಿಂದೆ ಸರಿಯುವಾಗ ಅವನು ಎದ್ದು ಕುಳಿತ.

"ಪಾಪ, ಬೀಗ ನೋಡಿ ಏನ್ ಮಾಡಿದ್ರೋ. ಗವಿಸಿದ್ದಪ್ಪಣ್ಣಗ ಸಕ್ಕರಿ ಕಾಯಿಲಿ ಬ್ಯಾರೆ ಐತಿ. ಊಟ ಸಿಕ್ತೋ ಇಲ್ಲೋ."

"ಸುಮ್ನ ಮಲಗ್ರಿ," ಎಂದಳು ಸುಮಲತಾ.

"ಸುಮ್ನ ಒಂದ್ ಸಲ ನೋಡ್ತೀನಿ," ಎಂದು ಅವನು ಫೋನು ಆನ್ ಮಾಡಿದ.

ಫೋನು ಜ್ವರ ಬಂದ ಮಗುವಿನಂತೆ ಕೈಯಲ್ಲಿ ನಡುಗತೊಡಗಿತು. ಗವಿಸಿದ್ದಪ್ಪನ ಕರೆಗಳು, ರೇಣುಕಮ್ಮನ ಕರೆಗಳು, ಕೊನೆಗೆ ಪಾಲಯ್ಯ ಕಳಿಸಿದ ಒಂದು ಫೋಟೋ. ದೊಡ್ಡ ಗಾಡಿಯ ಒಳಗಿನ ಚಿತ್ರ ಅದು. ಗಾಡಿ ನಿಜಕ್ಕೂ ದೊಡ್ಡದು. ಹಾಸಿಗೆಯಂತೆ ಹಿಂದಕ್ಕೆ ಒರಗುವ ಸೀಟುಗಳು, ಕಿಟಕಿಗೆ ಪರದೆ. ಆದರೆ ಅಷ್ಟು ದೊಡ್ಡ ಗಾಡಿಯಲ್ಲಿ ಇದ್ದದ್ದು ನಾಲ್ಕೇ ಜನ. ಗವಿಸಿದ್ದಪ್ಪ, ರೇಣುಕಮ್ಮ, ಮುಂದಿನ ಸೀಟಿನಲ್ಲಿ ಕಾಲು ಚಾಚಿದ ಪಾಲಯ್ಯ, ಪಕ್ಕದಲ್ಲಿ ಮದುವೆಗೆ ಹೊರಟಂತೆ ರೇಷ್ಮೆ ಸೀರೆ ಉಟ್ಟ ದುರುಗವ್ವ.

ಫೋಟೋದ ಕೆಳಗೆ ಗವಿಸಿದ್ದಪ್ಪನ ದನಿಯ ಮೆಸೇಜು ಇತ್ತು. ಹೊನ್ನೂರುಸ್ವಾಮಿ ಒತ್ತಿದ.

"ತಮ್ಮಾ, ದುಬೈಗೆ ಹೋಗೋರು ನಮಗೊಂದು ಮಾತು ಹೇಳಬಾರದೇನೋ? ಇರ್ಲಿ, ಖುಷಿಯಿಂದ ಹೋಗಿ ಬರ್ರಿ. ಇಷ್ಟು ವರ್ಷ ನಮ್ಮನ್ನ, ನಮ್ಮ ಬೀಗರನ್ನ ಸಾಕಿದ್ರಿ. ಈ ಸಲ ನಿಮ್ಮಿಬ್ಬರನ್ನೂ ಕರ್ಕೊಂಡು ಹೋಗೂನು ಅಂತ ಕೇರಳದಾಗ ಬೋಟಿನ ಮನಿ ಬುಕ್ ಮಾಡಿದ್ವಿ. ಐದು ದಿವಸ ನೀರಿನ ಮ್ಯಾಲೆ. ಅಡಿಗಿ ಅವರೇ ಮಾಡ್ತಾರಂತ. ನಾವು ಸುಮ್ನ ಮಲಗಿರೋದು, ಮನೀನೇ ಊರು ತೋರಸ್ತೈತಿ. ನಿಮಗ ಸರ್‌ಪ್ರೈಸ್ ಇರ್ಲಿ ಅಂತ ನಿಮ್ಮಕ್ಕಗ ಹೇಳಬ್ಯಾಡ ಅಂದಿದ್ದೆ. ಬುಕ್ ಮಾಡಿದ್ದು ಹಾಳಾಗಬಾರದಂತ ಪಾಲಯ್ಯನೋರನ್ನ ಕರ್ಕೊಂಡು ಹೊಂಟೀವಿ. ಪಾಪ, ಭಾಳ ಬ್ಯಾಡ ಅಂದ್ರು, ಆದ್ರೂ ಎರಡು ನಿಮಿಷದಾಗ ರೆಡಿ ಆಗಿ ಬಂದ್ರು."

ಹೊನ್ನೂರುಸ್ವಾಮಿ ಅದನ್ನು ಇನ್ನೊಮ್ಮೆ ಕೇಳಿದ. ಸುಮ್ಮನೆ ಮಲಗಿರುವುದು ಎಂಬ ಮಾತನ್ನು ಮತ್ತೂ ಒಮ್ಮೆ ಕೇಳಿದ. ಸುಮಲತಾ ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡಳು.

"ಫೋನ್ ಮಾಡ್ತೀನಿ," ಎಂದ ಅವನು.

"ಮಾಡಬ್ಯಾಡ್ರಿ."

"ಅದು ನಮ್ಮ ಬೋಟು ಸುಮಾ!"

"ಹೋದದ್ದು ಹೋತು. ಈಗ ಇಲ್ಲಿ ಚಂದಾಗಿ ಅದೀವಿ. ದುಬೈದಾಗ ಅದೀವಿ ಅಂತ ತಿಳಕೊಂಡಾರ, ತಿಳಕೊಂಡಿರ್ಲಿ. ಫೋನ್ ಮಾಡಿದ್ರ ಇರೋದೂ ಹೋಗ್ತೈತಿ ನೋಡ್ರಿ."

ಅವನು ಕೇಳಲಿಲ್ಲ. ಗವಿಸಿದ್ದಪ್ಪನ ನಂಬರು ಒತ್ತಿ, ಆ ಕಡೆಯಿಂದ "ಹಲೋ" ಬರುವ ಮುಂಚೆಯೇ ಶುರುಮಾಡಿದ. "ಅಣ್ಣಾ, ಗಾಡಿ ನಿಲ್ಲಸ್ರಿ! ನಾವು ದುಬೈಗೆ ಹೋಗಿಲ್ಲ. ಸಂಡೂರಾಗ ಅದೀವಿ. ತಪ್ಪಾತು ಅಣ್ಣಾ, ಪಾಲಯ್ಯ ಮಾವಗ ಹೇಳಿದ್ದು ಸುಳ್ಳು."

ಆ ಕಡೆ ಗವಿಸಿದ್ದಪ್ಪ ನಿಧಾನವಾಗಿ ಕೇಳಿದ. "ಸಂಡೂರಾಗಾ? ಯಾಕೋ ತಮ್ಮಾ?"

"ಸುಮಾಗ ಗುಡ್ಡ ನೋಡಬೇಕಿತ್ತು," ಎಂದ ಹೊನ್ನೂರುಸ್ವಾಮಿ. ಸುಮಲತಾ ಅವನನ್ನು ಸುಡುವಂತೆ ನೋಡಿದಳು.

"ಅಯ್ಯ, ಮೊದಲೇ ಹೇಳಬಾರದೇನೋ? ಕೂಡ್ಲಿಗ್ಯಾಗ ಊಟಕ್ಕ ಭಾಳ ಹೊತ್ತು ನಿಂತಿದ್ವಿ. ಈಗ ಚಿತ್ರದುರ್ಗ ದಾಟೀವಿ. ಇನ್ ಪಾಲಯ್ಯನೋರನ್ನ ಹೆಂಗ ಇಳಸ್ಲಿ, ದಾರ್ಯಾಗ? ತಡಿ, ಅವರು ಮಾತಾಡಬೇಕಂತ."

ಪಾಲಯ್ಯ ಬೈಯುತ್ತಾನೆ ಎಂದು ಹೊನ್ನೂರುಸ್ವಾಮಿ ಕಣ್ಣು ಮುಚ್ಚಿಕೊಂಡ. ಸ್ಟೇಷನ್ನಿನಲ್ಲಿ ಹಾಕಿದ ಕಣ್ಣೀರಿಗೆ ಬೈಸಿಕೊಳ್ಳಬೇಕಾದದ್ದೇ. ಆದರೆ ಪಾಲಯ್ಯನ ದನಿಯಲ್ಲಿ ಜೇನು ಸುರಿಯುತ್ತಿತ್ತು.

"ಹೊನ್ನೂರಾ! ದೇವರು ಫೋನ್ ಮಾಡಿದಂಗ ಮಾಡಿದಿ ನೋಡು! ನೀನು ಸಂಡೂರಾಗ ಇರೋದು ನಮ್ಮ ಪುಣ್ಯ. ನಾಳೆ ಮುಂಜಾನಿ ರೈಲಿಗೆ ಆದೋನಿಯಿಂದ ನಮ್ಮ ಬೀಗರು ಬರಾಕತ್ಯಾರ, ಮನಿಮಂದಿ ಎಲ್ಲಾ. ಗಡಿಬಿಡ್ಯಾಗ ಅವರನ್ನ ಮರತೇ ಗಾಡಿ ಹತ್ತಿಬಿಟ್ಟಿದ್ವಿ. ಈಗ ನೆನಪಾಗಿ ದುರುಗಿ ಅಳಾಕತ್ತಿದ್ಳು, ಹೊಳ್ಳಿ ಹೋಗೂನು ಅಂತಿದ್ಳು. ನಿಮ್ಮನಿಗೆ ಕರ್ಕೊಂಡು ಹೋಗು. ನಮ್ಮನಿ ಜಮಖಾನಿ ಬೇಕಾದ್ರ ತಗೋ, ಕೀಲಿ ಪಕೀರಪ್ಪನ ಕಡಿ ಐತಿ. ಅವರು ಹಂಪಿ ನೋಡಿಲ್ಲ. ಕನ್ನಡ ಬರಂಗಿಲ್ಲ, ಎಲ್ಲಾ ತೆಲುಗಿನ್ಯಾಗ ಹೇಳಬೇಕು, ಅಷ್ಟ."

"ಮಾವ, ನಾನು ಇಲ್ಲಿ..."

"ನೀ ಇರೂತನಕ ನನಗೇನ್ ಚಿಂತಿ? ಇಲ್ಲಿ ಸಿಗ್ನಲ್ ಹೊಂಟೈತಿ, ಇಡ್ಲಾ?"

ಫೋನು ಕಟ್ಟಾಯಿತು. ಹೊನ್ನೂರುಸ್ವಾಮಿ ತಿರುಗಿ ಮಾಡಿದ. ಸ್ವಿಚ್ ಆಫ್ ಎಂದು ಬಂತು. ಗವಿಸಿದ್ದಪ್ಪನದೂ ಅಷ್ಟೇ, ರೇಣುಕಮ್ಮನದೂ ಅಷ್ಟೇ. ಗಾಡಿಯಲ್ಲಿ ಎಲ್ಲರೂ ರಜೆ ಶುರುಮಾಡಿದ್ದರು.

ಮೂಕಣ್ಣ ಚಹಾ ತಂದು ಇಟ್ಟ. ಹೊಸಪೇಟೆಗೆ ಕೊನೆಯ ಬಸ್ಸು ಎಷ್ಟೊತ್ತಿಗೆ ಎಂದು ಹೊನ್ನೂರುಸ್ವಾಮಿ ಕೇಳಿದ್ದಕ್ಕೆ, ಈಗ ಹೊರಟರೆ ಸಿಗುತ್ತದೆ ಎಂದು ಕೈ ಮಾಡಿ ತೋರಿಸಿದ. ಹೊನ್ನೂರುಸ್ವಾಮಿ ಚಹಾ ಕುಡಿದು, ಕಾವಿಯಾದ ಅಂಗಿ ಕೊಡವಿ, ಬ್ಯಾಗು ಎತ್ತಿಕೊಂಡ. ಸುಮಲತಾ ಏಳಲಿಲ್ಲ. ಅವಳು ಅವನು ಬಿಟ್ಟೆದ್ದ ಮಂಚದ ಮೇಲೆ ನಿಧಾನವಾಗಿ ಕಾಲು ನೀಡಿದಳು.

"ಏಳು ಸುಮಾ, ಬಸ್ಸು ಹೋಗ್ತೈತಿ."

"ನೀವು ಹೋಗ್ರಿ. ಫೋನ್ ಮಾಡಿದೋರು ನೀವು. ನನ್ನ ಬ್ಯಾಗು ಅಲ್ಲಿ ಇಟ್ಟು ಹೋಗ್ರಿ."

"ನೀನಿಲ್ಲದ ಅಷ್ಟು ಮಂದಿಗೆ ರೊಟ್ಟಿ ಯಾರು ಬಡೀಬೇಕು? ಆದೋನಿಯೋರು ನಿನ್ನ ಕೇಳಿದ್ರ ಏನ್ ಹೇಳ್ಲಿ?"

ಸುಮಲತಾ ಕಪ್ಪು ಕನ್ನಡಕ ಹಾಕಿಕೊಂಡು, ಗುಡ್ಡದ ಕಡೆ ಮಗ್ಗುಲಾದಳು.

"ದುಬೈಗೆ ಹೋಗ್ಯಾಳ ಅಂತ ಹೇಳ್ರಿ."